ಕಂಪನದ ಮೂಲ

ಲ್ಯಾಬಿನಲ್ಲಿ ನನ್ನನ್ನು ಕೋಗಿಲೆ ಎನ್ನುತ್ತಾರೆ, ಗಾಯನವೃಂದದಲ್ಲಿ ವಿಜ್ಞಾನಿ ಎನ್ನುತ್ತಾರೆ. ಎರಡೂ ಹೊಗಳಿಕೆಯಲ್ಲ. ನೀನು ಪೂರ್ತಿ ನಮ್ಮವಳಲ್ಲ ಎಂದು ನಗುನಗುತ್ತಾ ಹೇಳುವ ಎರಡು ಬಗೆ, ಅಷ್ಟೆ. ಐದು ವರ್ಷಗಳಿಂದ ಈ ಎರಡು ಹೆಸರುಗಳ ನಡುವಿನ ಮೂರು ಕಿಲೋಮೀಟರನ್ನು ಸೈಕಲ್ ಮೇಲೆ ತುಳಿದಿದ್ದೇನೆ. ಮಂಗಳವಾರ, ಶುಕ್ರವಾರ, ಸಂಜೆ ಐದೂವರೆಗೆ. ಮಿಕ್ಕ ಸಮಯವೆಲ್ಲ ಲ್ಯಾಬಿನದು.

ನಮ್ಮ ಲ್ಯಾಬಿನ ನೆಲಮಾಳಿಗೆಯಲ್ಲಿ ಒಂದು ಕೋಣೆಯಿದೆ. ಗೋಡೆಗೆ ಒಂದಡಿ ದಪ್ಪ ಸ್ಪಂಜು, ನೆಲದ ಕೆಳಗೆ ರಬ್ಬರು, ಎರಡು ಬಾಗಿಲು. ಒಳಗೆ ಕೂತರೆ ಮೊದಲ ಹತ್ತು ನಿಮಿಷ ಕಿವಿಯಲ್ಲಿ ರಕ್ತ ಹರಿಯುವುದು ಕೇಳಿಸುತ್ತದೆ, ಆಮೇಲೆ ಅದೂ ಇಲ್ಲ. ಬಂದವರಿಗೆಲ್ಲ ಅಲ್ಲಿ ಉಸಿರು ಕಟ್ಟುತ್ತದೆ. ನನಗೆ ಅಲ್ಲಿಂದ ಹೊರಗೆ ಬರುವಾಗ ಉಸಿರು ಕಟ್ಟುತ್ತದೆ.

ಕೆಲಸ ಹೇಳುವುದಾದರೆ ಸರಳ. ಒಂದು ಲೋಹದ ಚೂರನ್ನು, ಅಂದರೆ ನಾವು ಸ್ಯಾಂಪಲ್ ಎನ್ನುವುದನ್ನು, ನಿಧಾನವಾಗಿ ತಣಿಸುತ್ತಾ ಹೋಗಬೇಕು. ತಣ್ಣಗಾದಂತೆ ಅದರೊಳಗಿನ ಕಣಗಳು ಸಾಲು ಬದಲಿಸುತ್ತವೆ. ಆಗ ಅದು ಬಹಳ ಸಣ್ಣಗೆ, ಒಂದೇ ಲಯದಲ್ಲಿ ಕಂಪಿಸಬೇಕು, ತಣಿದಷ್ಟೂ ಆ ಕಂಪನ ಕೆಳಗಿಳಿಯುತ್ತಾ ಹೋಗಬೇಕು. ಇಪ್ಪತ್ತು ವರ್ಷದ ಹಿಂದೆ ನನ್ನ ಗೈಡು ತಮ್ಮ ಪ್ರಬಂಧದಲ್ಲಿ ಹಾಗೆಂದು ಬರೆದಿದ್ದರು. ಯಾರೂ ಅದನ್ನು ಕಂಡಿರಲಿಲ್ಲ. ಕೂದಲಿಗಿಂತ ತೆಳ್ಳಗಿನ ಗಾಜಿನ ಎಳೆಯೊಂದನ್ನು ಸ್ಯಾಂಪಲ್ಲಿನ ಪಕ್ಕಕ್ಕೆ ತಂದು, ಅದರ ನಡುಕವನ್ನು ಅಳೆಯುವುದು ನಮ್ಮ ದಾರಿ. ತಣ್ಣನೆಯ ಅನಿಲದ ವಾಲ್ವನ್ನು ಎರಡು ನಿಮಿಷಕ್ಕೊಮ್ಮೆ ಒಂದಿಷ್ಟೇ ತಿರುಗಿಸಬೇಕು. ಮೋಟಾರು ಕೂರಿಸಿದರೆ ಅದರದೇ ನಡುಕ ಸೇರಿಕೊಳ್ಳುತ್ತದೆ. ಹಾಗಾಗಿ ಒಬ್ಬರು ಒಳಗೆ ಕೂರಲೇಬೇಕು, ನಲವತ್ತು ನಿಮಿಷ, ಕಲ್ಲಿನಂತೆ.

"ಇವಳನ್ನ ಕೂರಿಸಿ. ಇವಳು ಇದ್ದಾಳಾ ಇಲ್ವಾ ಅಂತಾನೇ ಗೊತ್ತಾಗಲ್ಲ," ಎಂದು ಗೈಡೇ ನನ್ನನ್ನು ಆರಿಸಿದ್ದರು. ನನಗೆ ಯಾರಾದರೂ ಕೊಟ್ಟ ಒಳ್ಳೆಯ ಸರ್ಟಿಫಿಕೇಟು ಅದೊಂದೇ. ಬೆಳಗಿನ ಆರಕ್ಕೆ, ರಸ್ತೆಯಲ್ಲಿ ವಾಹನ ಶುರುವಾಗುವ ಮುನ್ನ, ಭಾನುವಾರವೊಂದು ಬಿಟ್ಟು ದಿನವೂ ನಾನು ಆ ಕೋಣೆಯಲ್ಲಿ ಕೂತೆ.

ಆರು ವಾರ ಕಳೆದ ಮೇಲೆ ಒಂದು ಸೋಮವಾರ ಗೈಡು ಕರೆಸಿದರು. ಮೇಜಿನ ತುಂಬ ನನ್ನ ಅಳತೆಯ ಹಾಳೆಗಳು. ಅವರು ಕುರ್ಚಿಯಲ್ಲಿ ಕೂತಿರಲಿಲ್ಲ, ಹಾಳೆಗಳ ಸುತ್ತ ತಿರುಗುತ್ತಿದ್ದರು.

"ನೋಡು, ನೋಡು ಇದನ್ನ. ನೂರ ತೊಂಬತ್ತಾರರಲ್ಲಿ ಶುರು, ನಲವತ್ತು ನಿಮಿಷಕ್ಕೆ ನೂರ ತೊಂಬತ್ತು. ಸೆಕೆಂಡಿಗೆ ಆರು ಕಂಪನ ಇಳಿದಿದೆ. ನಾನು ಬರೆದಿದ್ದೂ ಹೆಚ್ಚುಕಮ್ಮಿ ಅಷ್ಟೇ! ಹಾಡ್ತಿದೆ ಕಣಮ್ಮ. ಸ್ಯಾಂಪಲ್ ಹಾಡ್ತಿದೆ!"

"ಬುಧವಾರ, ಶನಿವಾರ ಮಾತ್ರ ಬರ್ತಿದೆ ಸರ್."

"ಹೊಸ ಸ್ಯಾಂಪಲ್ ಇಡೋದು ಬುಧವಾರ, ಶನಿವಾರ. ಹೊಸದು ಹಾಡುತ್ತೆ, ಹಳೇದು ಸುಮ್ಮನಾಗುತ್ತೆ. ಮನುಷ್ಯರ ಹಾಗೇನೇ." ಅವರು ನಕ್ಕರು. ಐದು ವರ್ಷದಲ್ಲಿ ಅವರು ಹಾಗೆ ಬಾಯಿತುಂಬ ನಕ್ಕದ್ದನ್ನು ನಾನು ಕಂಡಿರಲಿಲ್ಲ. "ಹನ್ನೆರಡರಲ್ಲಿ ಹನ್ನೊಂದು. ಒಂದು ಶನಿವಾರ ಮಾತ್ರ ಏನೂ ಇಲ್ಲ. ಆ ಚೂರು ಕೆಟ್ಟಿತ್ತು ಅನ್ಸುತ್ತೆ."

"ನಡುನಡುವೆ ಈ ಬಿಡುವು ಯಾಕೆ ಸರ್?" ಹಾಳೆಯ ಮೇಲೆ ಕಂಪನದ ಗೆರೆ ಅಲ್ಲಲ್ಲಿ ತುಂಡಾಗಿತ್ತು. ಅರ್ಧ ಸೆಕೆಂಡಿನ ಸಣ್ಣ ಮೌನಗಳು. ಎಲ್ಲರೂ ಗೆರೆಯನ್ನು ನೋಡುತ್ತಿದ್ದರು, ನಾನು ಮೊದಲಿನಿಂದಲೂ ಅವುಗಳನ್ನೇ ಸ್ಕೇಲು ಹಿಡಿದು ಅಳೆಯುತ್ತಿದ್ದೆ. ಹದಿನಾಲ್ಕು ಸೆಕೆಂಡಿಗೊಂದು, ಮತ್ತೆ ಹದಿನಾಲ್ಕಕ್ಕೊಂದು, ಆಮೇಲೆ ಒಂಬತ್ತಕ್ಕೆ. ತಿರುಗಿ ಹದಿನಾಲ್ಕು.

"ಯಂತ್ರದ ಬಿಕ್ಕಳಿಕೆ ಅದು. ಬಿಡು. ಶುಕ್ರವಾರ ವಾರ್ಷಿಕ ಸಭೆಯಲ್ಲಿ ಹೇಳ್ತಿದ್ದೀನಿ. ಹೊರಗಿನ ಲ್ಯಾಬಿನೋರೆಲ್ಲ ಬರ್ತಾರೆ. ಸಂಜೆ ಐದಕ್ಕೆ. ಯಂತ್ರದ ಬಗ್ಗೆ ಕೇಳಿದ್ರೆ ನೀನು ಹೇಳ್ಬೇಕು."

"ಸರ್, ಶುಕ್ರವಾರ ನಮ್ಮ ಕಾರ್ಯಕ್ರಮ. ಮೂರು ತಿಂಗಳ ಹಿಂದೇನೇ ರಜೆ ಬರ್ಕೊಟ್ಟಿದ್ದೆ."

"ಯಾವ ಕಾರ್ಯಕ್ರಮ?"

"ಹಾಡು."

"ಓ. ಅದಾ." ಮಸೂರದ ಮೇಲೆ ಕೂತ ಧೂಳನ್ನು ಕಂಡಾಗ ಅವರು ಇದೇ ದನಿಯಲ್ಲಿ ಓ ಎನ್ನುತ್ತಾರೆ. "ನೋಡಮ್ಮ, ಇರೋದು ಒಂದೇ ತಲೆ. ಎರಡು ಕಡೆ ಹಂಚಿದ್ರೆ ಎರಡು ಕಡೆನೂ ಅರ್ಧ. ಕಾಲಹರಣಕ್ಕೆ ಹಾಡೋರು ಊರ ತುಂಬ ಇದ್ದಾರೆ. ನಿನಗೆ ನಾನು ಗೈಡಾ, ನಿಮ್ಮನ್ನ ಹಾಡಿಸೋ ಆ ಕನ್ನಡಕದ ಅಂಗಡಿಯಾಕೆ ಗೈಡಾ? ಎರಡರಲ್ಲಿ ಒಂದು ಆರಿಸ್ಕೋ. ಶುಕ್ರವಾರದೊಳಗೆ."

ಅವರ ಮೂಗಿನ ಮೇಲಿದ್ದ ಕನ್ನಡಕವೂ ಅದೇ ಅಂಗಡಿಯದು. ಅದನ್ನು ನಾನು ಹೇಳಲಿಲ್ಲ. "ಯೋಚಿಸ್ತೀನಿ ಸರ್" ಎಂದೆ. ಯೋಚಿಸುವುದೇನೂ ಇರಲಿಲ್ಲ. ಅರ್ಧ ತಲೆ ಎನ್ನುವ ಮಾತು ಮಾತ್ರ ಮನೆಯವರೆಗೂ ಸೈಕಲ್ಲಿನ ಹಿಂದೆ ಕೂತು ಬಂತು.

ಅಮ್ಮ ಅಂಚೆ ಕಚೇರಿಯ ಕೌಂಟರಿನಲ್ಲಿ ಮೂವತ್ತು ವರ್ಷ ಕೂತು ನಿವೃತ್ತಳಾದವಳು. ಈಗಲೂ ಮಾತಿಗೆ ಠಸ್ಸೆ ಹೊಡೆದೇ ಕೊಡುತ್ತಾಳೆ. ನಾನು ನಡೆದದ್ದನ್ನು ಹೇಳಿದಾಗ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು.

"ಅವರು ಹೇಳಿದ್ರಲ್ಲಿ ತಪ್ಪೇನಿದೆ? ಎರಡು ದೋಣಿ ಮೇಲೆ ಕಾಲಿಟ್ಟೋರು ದಡ ಸೇರಿದ್ದುಂಟಾ?"

"ನಂಗಿರೋದು ಎರಡು ಕಾಲಲ್ವಾ ಅಮ್ಮ."

"ಬಾಯಿಗೇನು ಕಮ್ಮಿ ಇಲ್ಲ. ನಿಮ್ಮ ಚಿಕ್ಕಮ್ಮ ಫೋನ್ ಮಾಡಿದ್ಲು. ಶುಕ್ರವಾರ ನಮ್ಮನೆಗೆ ಬನ್ನಿ ಅಂದ್ಲು. ಇಲ್ಲಮ್ಮ, ಅವಳ ಹಾಡಿದೆ, ಅವಳನ್ನ ಹಾಡಿಸೋ ಕಂಡಕ್ಟರು ಕರ್ದಿದ್ದಾರೆ ಅಂದೆ. ಟಿಕೆಟ್ಟಾದ್ರೂ ಹರ್ಕೊಡ್ತಾರಾ ಆ ಕಂಡಕ್ಟರು, ಅಂತ ಕೇಳಿದ್ಲು."

"ಹರ್ಕೊಡ್ತಾರೆ. ಶ್ರುತಿ ತಪ್ಪಿದ್ರೆ ಮುಂದಿನ ಸ್ಟಾಪಲ್ಲಿ ಇಳಿಸ್ತಾರೆ ಕೂಡ."

ಅಮ್ಮನಿಗೆ ನಗು ಬಂತು. ತಡೆದುಕೊಂಡು ಅಂಗಿ ತಿರುಗಿಸಿದಳು. "ಅಷ್ಟಲ್ಲದೆ ಇಡೀ ಹೊತ್ತು ಅದೇ ಧ್ಯಾನ ನಿಂಗೆ. ಪ್ರಾಕ್ಟೀಸಿಗೆ ಹೋಗಿ ಬಂದ ಮಾರನೇ ಬೆಳಿಗ್ಗೆ ನೋಡಬೇಕು ನಿನ್ನ. ಹಲ್ಲುಜ್ಜುವಾಗ, ಜಡೆ ಹಾಕುವಾಗ, ಜೇನ್ನೊಣದ ಹಾಗೆ ಗುಂಯ್ ಅಂತಿರ್ತೀಯ."

"ನಾನಾ? ಸುಳ್ಳು. ನಾನು ಗುನುಗೋದೇ ಇಲ್ಲ."

"ಹ್ಞೂಂ. ಗೊರಕೆ ಹೊಡೆಯೋರೂ ಹಾಗೇ ಹೇಳ್ತಾರೆ."

ಅದು ಆಗ ನನಗೆ ಬರೀ ಅಮ್ಮನ ಕುಟುಕು.

ಮಾರನೆಯ ದಿನ ಮಂಗಳವಾರ. ಐದೂವರೆಗೆ ಯಾರ ಮುಖವನ್ನೂ ನೋಡದೆ ಲ್ಯಾಬಿನಿಂದ ಹೊರಟೆ. ನಮ್ಮ ವೃಂದ ಸೇರುವುದು ಈಜುಕೊಳದ ಕಟ್ಟಡದ ಮೇಲ್ಮಹಡಿಯಲ್ಲಿ. ಕಿಟಕಿ ತೆರೆದರೆ ಕ್ಲೋರಿನ್ ವಾಸನೆ, ಮುಚ್ಚಿದರೆ ಸೆಖೆ. ನಾವು ಮೂವತ್ತೆರಡು ಜನ: ಬ್ಯಾಂಕಿನವರು, ಬಸ್ಸು ಓಡಿಸುವವರು, ಇಬ್ಬರು ನರ್ಸುಗಳು, ಹಲ್ಲಿನ ಡಾಕ್ಟರು. ಯಾರೂ ಸಂಗೀತದಿಂದ ಅನ್ನ ತಿನ್ನುವವರಲ್ಲ. ನಮ್ಮನ್ನು ಹಾಡಿಸುವಾಕೆಯನ್ನು ಎಲ್ಲರೂ ಕನ್ನಡಕದಕ್ಕ ಎನ್ನುತ್ತೇವೆ. ಹಗಲು ಅಂಗಡಿಯಲ್ಲಿ ಜನರ ಕಣ್ಣು ಪರೀಕ್ಷೆ, ಸಂಜೆ ನಮ್ಮ ಕಿವಿ ಪರೀಕ್ಷೆ.

ನಾನಿರುವುದು ಎರಡನೇ ಸಾಲಿನಲ್ಲಿ, ಹೆಂಗಸರ ಕೆಳದನಿಯಲ್ಲಿ. ಮೊದಲ ಸಾಲಿನವರಿಗೆ ರಾಗವಿರುತ್ತದೆ, ಮೇಲೇರುತ್ತಾರೆ, ಇಳಿಯುತ್ತಾರೆ. ಕೊನೆಯ ಹಾಡಿನಲ್ಲಿ ನಮಗಿರುವುದು ಒಂದೇ ಸ್ವರ. ಬಾಯಿ ಮುಚ್ಚಿಕೊಂಡು ಅದೊಂದನ್ನೇ ಹಿಡಿದು ನಿಲ್ಲಬೇಕು, ಉಳಿದವರು ಅದರ ಮೇಲೆ ನಡೆದು ಹೋಗುತ್ತಾರೆ. ನೆಲವಾಗುವುದು ನಮ್ಮ ಕೆಲಸ. ಯಾರೂ ನೆಲವನ್ನು ನೋಡುವುದಿಲ್ಲ, ನನಗೆ ಅದೇ ಹಿತ.

ಆ ನೆಲ ಕುಸಿಯುವುದೇ ನಮ್ಮ ಸಾಲಿನ ಕಾಯಿಲೆ. ಹಾಡು ಮುಗಿದದ್ದೇ ಕನ್ನಡಕದಕ್ಕ ಸರಿಯಾದ ಸ್ವರ ಕೊಡುವ ಎರಡು ಕಾಲಿನ ಉಕ್ಕಿನ ಶ್ರುತಿಕವೆಯನ್ನು ಮಂಡಿಗೆ ಬಡಿದು ಕಿವಿಗೆ ಹಿಡಿದರು. ಎಲ್ಲರೂ ಕಾದೆವು.

"ಏನ್ರಮ್ಮಾ ಎರಡನೇ ಸಾಲು. ಮತ್ತೆ ಜಾರಿದ್ರಲ್ಲ. ಹೊರಟಿದ್ದು ಮೇಲ್ಮಹಡಿಯಿಂದ, ತಲುಪಿದ್ದು ನೆಲಮಾಳಿಗೆಗೆ."

"ನಮ್ಮ ವಿಜ್ಞಾನಿಗೆ ಅಲ್ಲೇ ಕೆಲಸ ಅಲ್ವಾ ಅಕ್ಕ, ಅಭ್ಯಾಸಬಲ," ಎಂದಳು ನನ್ನ ಎಡಕ್ಕೆ ನಿಲ್ಲುವ ನರ್ಸು. ಎಲ್ಲರೂ ನಕ್ಕರು, ನಾನೂ ನಕ್ಕೆ.

"ನಗೋದಲ್ಲ. ಪ್ರತಿ ಸಲ ಇಷ್ಟೇ ಜಾರ್ತೀರಿ, ಅಳತೆ ಇಟ್ಟ ಹಾಗೆ. ಮತ್ತೆ ಉಸಿರು. ಯಾರ್ಯಾರು ಎಲ್ಲಿ ಉಸಿರು ತಗೋಬೇಕು ಅಂತ ಗುರುತು ಹಾಕ್ಕೊಂಡಿದ್ದೀರಾ? ಪಕ್ಕದವಳು ಎಳೆದಾಗ ನೀವು ಎಳೀಬೇಡಿ. ಎಲ್ಲ ಒಟ್ಟಿಗೆ ಎಳೆದ್ರೆ ಹಾಡಿಗೆ ತೂತು ಬೀಳುತ್ತೆ."

ಇದು ನಮ್ಮ ಹಳೆಯ ಒಪ್ಪಂದ. ನರ್ಸು ಹಾಡಿನ ಸಾಲು ಮುಗಿದಲ್ಲಿ ಉಸಿರೆಳೆಯುತ್ತಾಳೆ. ಹಾಗಾಗಿ ನಾನು ಸಾಲಿನ ನಡುವೆ, ಯಾರೂ ಎಳೆಯದ ಕಡೆ ಎಳೆಯಬೇಕು. ಹಾಡಿನ ಮೂರನೆಯ ಸಾಲು ಗಿಡ್ಡ, ಅಲ್ಲಿ ಇನ್ನೂ ಬೇಗ. ಹಾಡಿನ ಹಾಳೆಗಳು ಎಲ್ಲರವೂ ಆದ್ದರಿಂದ ಪೆನ್ಸಿಲಿನಲ್ಲೇ ಗುರುತು ಹಾಕುವುದು ನಿಯಮ. ನನ್ನ ಹಾಳೆ ಬಿಡಿಸಿ, ಹಾಕಿದ್ದ ಗುರುತುಗಳ ಮೇಲೆ ಪೆನ್ಸಿಲು ಓಡಿಸುತ್ತಾ ತಾಳ ಎಣಿಸಿದೆ. ಸೆಕೆಂಡಿಗೊಂದರಂತೆ ನಡೆಯುವ ನಿಧಾನದ ಹಾಡು ಅದು.

ಹದಿನಾಲ್ಕು. ಹದಿನಾಲ್ಕು. ಒಂಬತ್ತು.

ಪೆನ್ಸಿಲು ಅಲ್ಲೇ ನಿಂತಿತು.

ತಪ್ಪು ಎಣಿಸಿದೆನೇನೋ ಎಂದು ಮತ್ತೆ ಎಣಿಸಿದೆ. ಕನ್ನಡಕದಕ್ಕ ಕೈಯೆತ್ತಿದರು, ಸಾಲು ಸ್ವರ ಹಿಡಿಯಿತು. ನಾನು ಬಾಯಿ ಮುಚ್ಚಿಕೊಂಡೇ ಇದ್ದೆ, ಆದರೆ ಒಳಗೆ ಸ್ವರವಿರಲಿಲ್ಲ. ನನ್ನ ತಲೆಯಲ್ಲಿ ಸ್ಕೇಲು ಹಿಡಿದು ಅಳೆದ ಆ ಸಣ್ಣ ಮೌನಗಳು ಒಂದೊಂದಾಗಿ ಬಂದು ಪೆನ್ಸಿಲಿನ ಗುರುತುಗಳ ಮೇಲೆ ಕೂರುತ್ತಿದ್ದವು. ಬುಧವಾರ, ಶನಿವಾರ. ಪ್ರಾಕ್ಟೀಸಿನ ಮಾರನೆಯ ಬೆಳಿಗ್ಗೆ. ಏನೂ ಬಾರದ ಆ ಒಂದು ಶನಿವಾರ: ಹಿಂದಿನ ದಿನ ಗಂಟಲು ಕಟ್ಟಿ ನಾನು ಇಲ್ಲಿಗೆ ಬಂದಿರಲಿಲ್ಲ. ಅಳತೆ ಇಟ್ಟ ಹಾಗೆ ಜಾರುವುದು. ಜೇನ್ನೊಣ.

ಸ್ಯಾಂಪಲ್ ಹಾಡಿರಲಿಲ್ಲ. ಕೆಟ್ಟದಾಗಿ, ಶ್ರುತಿ ಇಳಿಸಿಕೊಂಡು, ನಾನು ಹಾಡಿದ್ದೆ.

"ಏ ವಿಜ್ಞಾನಿ, ನಿದ್ದೇನಾ?" ನರ್ಸು ಮೊಣಕೈಯಲ್ಲಿ ತಿವಿದಳು.

ಬುಧವಾರ ಬೆಳಿಗ್ಗೆ ಐದೂಮುಕ್ಕಾಲಿಗೆ ಲ್ಯಾಬಿನ ಮೆಟ್ಟಿಲಿಳಿದೆ. ಪಂಪಣ್ಣ ಆಗಲೇ ಬಂದಿದ್ದರು. ನಿರ್ವಾತದ ಪಂಪು ನೋಡಿಕೊಳ್ಳುವವರಾದ್ದರಿಂದ ಪಂಪಣ್ಣ. ಅವರ ನಿಜವಾದ ಹೆಸರು ಸಂಬಳದ ಪಟ್ಟಿಗೆ ಮಾತ್ರ ಗೊತ್ತು.

"ಏನಮ್ಮಾ ಕೋಗಿಲೆ, ಮುಖ ಯಾಕೆ ಹಾಗಿದೆ?"

"ಪಂಪಣ್ಣ, ಇವತ್ತು ನೀವು ಹೊರಗಡೆ ಸ್ಕ್ರೀನ್ ಮುಂದೆ ಕೂತ್ಕೋಬೇಕು. ಕಂಡಿದ್ದನ್ನ ಬರೀಬೇಕು. ನಾನೇನು ಮಾಡ್ತಿದ್ದೀನಿ ಅಂತ ಕೇಳ್ಬಾರದು."

ಹೊಸ ಸ್ಯಾಂಪಲ್ ಇಟ್ಟು, ಹಲ್ಲುಗಳ ನಡುವೆ ಪೆನ್ಸಿಲು ಕಚ್ಚಿ ಹಿಡಿದು, ಪ್ರತಿ ಉಸಿರಿಗೂ ಗಮನವಿಟ್ಟು ಇಪ್ಪತ್ತು ನಿಮಿಷ ಕೂತೆ. ಎಷ್ಟು ಸಲ ಆ ಸ್ವರ ಗಂಟಲಿನವರೆಗೆ ತಾನಾಗಿ ಬಂತು ಎಂದರೆ, ನನಗೇ ಗಾಬರಿಯಾಯಿತು. ಒಬ್ಬಳು ತನ್ನೊಳಗೆ ಏನು ನಡೆಯುತ್ತಿದೆ ಎಂದು ತಿಳಿಯದೆ ಇಷ್ಟು ದಿನ ಬದುಕಬಹುದೇ? ಮೌನಿ ಎಂದು ಸರ್ಟಿಫಿಕೇಟು ಪಡೆದವಳು! ಆಮೇಲೆ ಪೆನ್ಸಿಲು ತೆಗೆದು ಐದು ನಿಮಿಷ ಬೇಕೆಂದೇ ಗುನುಗಿದೆ. ಕೊನೆಗೆ ಸ್ಯಾಂಪಲ್ಲನ್ನೇ ಹೊರತೆಗೆದು, ಖಾಲಿ ಜಾಗದ ಮುಂದೆ ಕೂತು ಮತ್ತೆ ಗುನುಗಿದೆ.

ಹೊರಗೆ ಬಂದಾಗ ಪಂಪಣ್ಣ ಕೈಯಲ್ಲಿ ಚೀಟಿ ಹಿಡಿದು ನಿಂತಿದ್ದರು.

"ಮೊದಲು ಏನೂ ಇಲ್ಲ. ಆಮೇಲೆ ಗೆರೆ ಎದ್ದಿತು. ಮೂರನೇ ಸಲಾನೂ ಎದ್ದಿತು."

"ಮೂರನೇ ಸಲ ಒಳಗೆ ಸ್ಯಾಂಪಲ್ಲೇ ಇರಲಿಲ್ಲ."

ಅವರು ನನ್ನ ಗಂಟಲನ್ನೊಮ್ಮೆ, ಸ್ಕ್ರೀನನ್ನೊಮ್ಮೆ ನೋಡಿದರು. "ಅಯ್ಯೋ ತಾಯಿ. ನೀನಾ?"

"ನಾನೇ."

ಪಂಪಣ್ಣ ಕುರ್ಚಿ ಎಳೆದುಕೊಂಡು ಕೂತರು. ತಗ್ಗಿದ ದನಿಯಲ್ಲಿ ಕೇಳಿದರು, "ನಾನು ಇವತ್ತು ಲೇಟಾಗಿ ಬಂದೆ, ಏನೂ ನೋಡ್ಲಿಲ್ಲ ಅನ್ಲಾ? ನಿನ್ನ ಡಿಗ್ರಿ ಕಣಮ್ಮ. ಐದು ವರ್ಷ."

ಅದನ್ನು ನಾನು ಯೋಚಿಸಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಹಿಂದಿನ ರಾತ್ರಿಯೆಲ್ಲ ಅದನ್ನೇ ಮಗುಚಿ ಹಾಕಿದ್ದೆ. ಸುಮ್ಮನಿದ್ದರೆ ನನ್ನ ಪ್ರಬಂಧ ಮುಗಿಯುತ್ತದೆ, ಗೈಡಿನ ಇಪ್ಪತ್ತು ವರ್ಷದ ಮಾತು ನಿಜವಾಗುತ್ತದೆ. ಹೇಳಿದರೆ ಅಳತೆಯೂ ಹೋಗುತ್ತದೆ, ಹಾಡೂ ಹೋಗುತ್ತದೆ. ನೋಡಿದೆಯಾ, ಹಾಡೇ ಕೆಡಿಸಿದ್ದು ಎನ್ನಲು ನಾನೇ ಅವರ ಕೈಗೆ ಕೋಲು ಕೊಟ್ಟಂತೆ. ಎರಡು ದೋಣಿಯೂ ಒಂದೇ ಏಟಿಗೆ ಮುಳುಗುತ್ತವೆ. ನನಗೆ ಮೌನ ಇಷ್ಟ, ನಿಜ. ಆದರೆ ಈ ಮೌನ ಬೇರೆ ಜಾತಿಯದು. ಇದರೊಳಗೆ ಕೂತರೆ ರಕ್ತ ಹರಿಯುವ ಸದ್ದು ಎಂದೂ ನಿಲ್ಲುವುದಿಲ್ಲ.

"ಬೇಡ ಪಂಪಣ್ಣ. ಲಾಗ್‌ಬುಕ್ ಕೊಡಿ."

ಹಾಡಿನ ಹಾಳೆಗೆ ಪೆನ್ಸಿಲು, ಲಾಗ್‌ಬುಕ್ಕಿಗೆ ಶಾಯಿ. ಅದರಲ್ಲಿ ಬರೆದದ್ದನ್ನು ಅಳಿಸುವಂತಿಲ್ಲ. ತಪ್ಪಿದ್ದರೂ ಒಂದೇ ಗೆರೆ ಎಳೆಯಬೇಕು, ಅಡಿಯಲ್ಲಿರುವುದು ಓದಲು ಬರುವಂತಿರಬೇಕು. ನಾನು ಮೂರು ಪರೀಕ್ಷೆಗಳನ್ನೂ ಬರೆದೆ, ಪಂಪಣ್ಣನಿಂದ ಸಹಿ ಹಾಕಿಸಿದೆ. ಕೊನೆಯಲ್ಲಿ, ಕಂಪನದ ಮೂಲ ಎಂಬ ಕಾಲಮಿನಲ್ಲಿ, ಎರಡಕ್ಷರ ಬರೆದೆ: ನಾನು.

ಗೈಡು ಆ ಪುಟವನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮೂಗಿನ ಎರಡು ಕಡೆ ಅದರ ಗುರುತು ಆಳವಾಗಿ ಬಿದ್ದಿತ್ತು. ಅಷ್ಟು ವಯಸ್ಸಾದವರು ಎಂದು ನಾನೆಂದೂ ಅಂದುಕೊಂಡಿರಲಿಲ್ಲ.

"ಗುನುಗ್ತಿದ್ಯಾ?"

"ಹೌದು ಸರ್. ನಂಗೇ ಗೊತ್ತಿಲ್ಲದೆ."

"ನನ್ನ ಕೋಣೆಯಲ್ಲಿ ಕೂತ್ಕೊಂಡು." ಅವರು ಮೇಜಿನ ಮೇಲಿನ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿದರು, ಅಂಚು ಸರಿಮಾಡಿದರು, ಮತ್ತೆ ಸರಿಮಾಡಿದರು. "ಇದನ್ನ ಹೀಗೆ ಬರೀ ಅಂತ ಯಾರು ಹೇಳಿದ್ದು? ಹೊರಗಿನ ಸದ್ದು ಅಂದಿದ್ರೆ ಸಾಕಿತ್ತಲ್ಲ."

"ಹೊರಗಿನದಲ್ಲ ಸರ್. ಒಳಗಿತ್ತು."

"ಜನ ನಗ್ತಾರೆ."

"ನಗಲಿ."

"ನಗಲಿ! ನಗೋದು ನಿನ್ನ ನೋಡಿ ಅಲ್ಲ, ನನ್ನ ನೋಡಿ." ಈಗ ದನಿ ಏರಿತು. "ನಾನು ಹೇಳಿದ್ದೆ ತಾನೆ? ಅರ್ಧ ತಲೆ ಅಂತ. ಆ ಹಾಳು ಹಾಡು ಇಲ್ಲದಿದ್ರೆ ಇದಾಗ್ತಿತ್ತಾ?"

ನಾನು ಬೈಗುಳಕ್ಕೆ ಸಿದ್ಧವಾಗಿ ಬಂದಿದ್ದೆ, ಕ್ಷಮೆ ಕೇಳಲೂ ಸಿದ್ಧವಾಗಿದ್ದೆ. ಅಳತೆ ಕೆಟ್ಟದ್ದಕ್ಕೆ ಕೇಳಿದೆ ಕೂಡ. "ಆರು ವಾರದ ಕೆಲಸ ಹೋಯ್ತು, ಅದು ನನ್ನ ತಪ್ಪು, ಸಾರಿ ಸರ್," ಎಂದೆ. ಆದರೆ ಹಾಳು ಹಾಡು ಎಂದದ್ದನ್ನು ಹಾಗೇ ಬಿಡಲಿಲ್ಲ.

"ನಾನಲ್ಲದೆ ಬೇರೆಯವರು ಕೂತಿದ್ರೆ ಕೆಮ್ಮು ಇರ್ತಿತ್ತು ಸರ್, ಕಾಲು ಕುಣಿಸೋದಿರ್ತಿತ್ತು. ಒಳಗೊಬ್ಬ ಮನುಷ್ಯ ಕೂತಿರ್ತಾನೆ ಅನ್ನೋದನ್ನೇ ನಾವು ಲೆಕ್ಕಕ್ಕೆ ಹಿಡಿದಿರಲಿಲ್ಲ. ಮತ್ತೆ ಇದು ಗೊತ್ತಾಗಿದ್ದು ಹೇಗೆ ಅಂತೀರಿ? ನೀವು ಬಿಕ್ಕಳಿಕೆ ಅಂದ್ರಲ್ಲ, ಅದು ನಾನು ಉಸಿರು ತಗೊಳ್ಳೋ ಜಾಗ. ನಮ್ಮ ಸಾಲಿನಲ್ಲಿ ನಿಂತು ಎಣಿಸಿದ್ರೇ ಗೊತ್ತಾಗೋದು ಅದು. ಅರ್ಧ ತಲೆ ಲ್ಯಾಬಲ್ಲಿ, ಅರ್ಧ ಅಲ್ಲಿ ಇಟ್ಟಿದ್ದಿದ್ರೆ ಆ ಎರಡು ಲೆಕ್ಕ ಒಂದಕ್ಕೊಂದು ಸಿಗ್ತಾನೇ ಇರಲಿಲ್ಲ. ಎರಡು ಕಡೆನೂ ಪೂರ್ತಿ ತಲೆನೇ ಹೋಗುತ್ತೆ ಸರ್."

"ಭಾಷಣ ಸಾಕು. ನಾನು ಸೋಮವಾರ ಒಂದು ಪ್ರಶ್ನೆ ಕೇಳಿದ್ದೆ. ಎರಡರಲ್ಲಿ ಯಾವುದು?"

"ಆರಿಸಲ್ಲ ಸರ್."

"ಅಂದ್ರೆ?"

"ನೀವು ತೆಗೆದು ಹಾಕೋದಾದ್ರೆ ಹಾಕಿ. ಕಾಗದದಲ್ಲಿ ಕೊಡಿ, ಕಾರಣ ಬರೆದು. ನಾನಾಗಿ ಯಾವುದನ್ನೂ ಬಿಡಲ್ಲ. ಲ್ಯಾಬನ್ನೂ ಬಿಡಲ್ಲ, ಹಾಡನ್ನೂ ಬಿಡಲ್ಲ."

ಹೇಳಿದ ಮೇಲೆ ನನ್ನ ದನಿ ಸ್ವಲ್ಪವೂ ಜಾರಿಲ್ಲವೆಂದು ಗಮನಿಸಿದೆ. ಆ ಹೊತ್ತಿನಲ್ಲಿ ಅದನ್ನು ಗಮನಿಸುವವಳು ಎಂಥವಳು ಎಂದೂ ಅನಿಸಿತು.

ಗೈಡು ಅಂಗೈ ಚಾಚಿದರು. ನಾನು ಆ ಕೋಣೆಯ ಕೀಲಿಯನ್ನು ಗೊಂಚಲಿನಿಂದ ಬಿಡಿಸಿ ಅದರ ಮೇಲಿಟ್ಟೆ.

ಶುಕ್ರವಾರದವರೆಗೆ ಯಾವ ಕಾಗದವೂ ಬರಲಿಲ್ಲ. ನಾನು ದಿನವೂ ಹೋದೆ, ಕೋಣೆಯ ಹೊರಗಿನ ಮೇಜಿನಲ್ಲಿ ಕೂತು ಹಳೆಯ ಅಳತೆಗಳನ್ನೆಲ್ಲ ತೆಗೆದು, ನನ್ನ ದನಿ ಎಲ್ಲೆಲ್ಲಿದೆ ಎಂದು ಒಂದೊಂದಾಗಿ ಗುರುತು ಹಾಕಿದೆ. ಜೊತೆಯವರು ಕೋಗಿಲೆ ಎನ್ನುವುದನ್ನು ನಿಲ್ಲಿಸಿದ್ದರು. ಅದು ಹೆಚ್ಚು ನೋಯಿಸಿತು. ಶುಕ್ರವಾರ ನಾಲ್ಕಕ್ಕೆ ಎಲ್ಲರೂ ಸಭೆಗೆ ಸಿದ್ಧರಾಗುತ್ತಿದ್ದಾಗ ನಾನು ಸೈಕಲ್ ತೆಗೆದೆ. ಬಾ ಎಂದು ಯಾರೂ ಕರೆಯಲಿಲ್ಲ, ಹೋಗು ಎಂದೂ ಹೇಳಲಿಲ್ಲ.

ಕಾರ್ಯಕ್ರಮಕ್ಕೆ ಅಮ್ಮ ಬಂದಿದ್ದಳು. ಮೂರನೇ ಸಾಲಿನಲ್ಲಿ, ಚೀಲವನ್ನು ತೊಡೆಯ ಮೇಲೆ ಎರಡು ಕೈಯಲ್ಲಿ ಹಿಡಿದು, ಯಾರೋ ಕೌಂಟರು ತೆರೆಯಲು ತಡ ಮಾಡುತ್ತಿದ್ದಾರೆ ಎಂಬಂತೆ ಕೂತಿದ್ದಳು. ಬುಧವಾರ ನಡೆದದ್ದನ್ನು ಅವಳಿಗೆ ಹೇಳಿದ್ದೆ. "ಕೆಲಸ ಹೋದ್ರೆ?" ಎಂದು ಕೇಳಿದ್ದಳು. "ಹೋದ್ರೆ ಕಾಗದ ಬರುತ್ತೆ. ನಿಂಗೇ ಗೊತ್ತಲ್ಲ, ಬಾರದ ಕಾಗದಕ್ಕೆ ಠಸ್ಸೆ ಹೊಡೆಯೋಕಾಗಲ್ಲ," ಎಂದಿದ್ದೆ. ಅದಕ್ಕೆ ಅವಳು ಕಾರ್ಯಕ್ರಮ ಎಷ್ಟು ಗಂಟೆಗೆ ಎಂದು ಮಾತ್ರ ಕೇಳಿದ್ದಳು.

ಕೊನೆಯ ಹಾಡು ಬಂತು. ನಾನು ನೆಲವಾದೆ. ಹದಿನಾಲ್ಕು, ಹದಿನಾಲ್ಕು, ಒಂಬತ್ತು. ಎಡಗಡೆ ನರ್ಸು ಉಸಿರೆಳೆದಳು, ನಾನು ಹಿಡಿದೆ. ನಾನೆಳೆದೆ, ಅವಳು ಹಿಡಿದಳು. ಆ ಹಾಳೆಗಳ ಮೇಲೆ ತುಂಡುತುಂಡಾಗಿದ್ದ ನನ್ನ ಗೆರೆ ಇಲ್ಲಿ ಎಲ್ಲೂ ತುಂಡಾಗಲಿಲ್ಲ, ಏಕೆಂದರೆ ಇಲ್ಲಿ ನಾನೊಬ್ಬಳೇ ಇರಲಿಲ್ಲ. ಲ್ಯಾಬಿನ ಕೋಣೆಯಲ್ಲಿ ಕೂತು ಆರು ವಾರ ನಾನು ಪಕ್ಕದವಳಿಗಾಗಿ ಜಾಗ ಬಿಟ್ಟು ಗುನುಗಿದ್ದೆ. ಅಲ್ಲಿ ಪಕ್ಕದವಳೇ ಇರಲಿಲ್ಲ.

ಹಾಡು ಮುಗಿದು ಚಪ್ಪಾಳೆ ಶುರುವಾಗುವ ಮುನ್ನ ಎರಡು ಸೆಕೆಂಡು ಮೌನವಿತ್ತು. ನನಗೆ ಗೊತ್ತಿರುವ ಯಾವ ಕೋಣೆಯಲ್ಲೂ ಅಂಥದ್ದಿಲ್ಲ. ಮುನ್ನೂರು ಜನ ಸೇರಿ ಮಾಡಿದ ಮೌನ. ಅದರೊಳಗೇ ಕನ್ನಡಕದಕ್ಕ, ಜನರಿಗೆ ಬೆನ್ನು ಹಾಕಿ, ಶ್ರುತಿಕವೆಯನ್ನು ಮೆಲ್ಲಗೆ ಮಂಡಿಗೆ ಬಡಿದು ಕಿವಿಗೆ ಹಿಡಿದುಕೊಂಡರು. ವೇದಿಕೆಯ ಮೇಲೂ ಬಿಡಲಿಲ್ಲ ಆ ಚಾಳಿ! ಮುಖ ಹಿಂಡಿದರು.

ಪರದೆಯ ಹಿಂದೆ ಸಿಕ್ಕಾಗ ಕೇಳಿದೆ. "ಎಷ್ಟು ಜಾರಿದ್ವಿ ಅಕ್ಕ?"

"ಯಾವಾಗ್ಲೂ ಜಾರೋವಷ್ಟೇ. ಬಿಡು, ಜಾರಿದ್ರೂ ಒಟ್ಟಿಗೇ ಜಾರಿದ್ರಿ."

ಶನಿವಾರ ಬೆಳಿಗ್ಗೆ ಐದೂಮುಕ್ಕಾಲಿಗೆ ನಾನು ಮತ್ತೆ ಆ ಮೆಟ್ಟಿಲಿಳಿದೆ. ಕೀಲಿ ಇರಲಿಲ್ಲ. ಬೇಡ ಎಂದು ಕಾಗದದಲ್ಲಿ ಹೇಳುವವರೆಗೆ ಶನಿವಾರದ ಬೆಳಗು ನನ್ನದೇ. ಪಂಪಣ್ಣ ಪಂಪಿನ ಎಣ್ಣೆ ನೋಡುತ್ತಿದ್ದರು.

"ಬಂದ್ಯಾ? ಬರ್ತೀಯ ಅಂತ ಗೊತ್ತಿತ್ತು. ನಿನ್ನೆ ಸಭೆಯಲ್ಲಿ ಏನಾಯ್ತು ಗೊತ್ತಾ?"

"ಇಲ್ಲ."

"ಹತ್ತೇ ನಿಮಿಷಕ್ಕೆ ಮುಗಿಸಿಬಿಟ್ರು. ಗೆರೆ ತೋರಿಸಿದ್ರು, ಎಲ್ಲರೂ ಹಾ ಅಂದ್ರು. ಆಮೇಲೆ ನಿನ್ನ ಪುಟ ತೋರಿಸಿದ್ರು. 'ಹಾಡಿದ್ದು ಸ್ಯಾಂಪಲ್ ಅಲ್ಲ, ನನ್ನ ವಿದ್ಯಾರ್ಥಿನಿ' ಅಂದ್ರು. ಸಭೆ ಬಿದ್ದು ಬಿದ್ದು ನಕ್ಕಿತು."

"ಅವರು?"

"ಅವರು ನಗಲಿಲ್ಲ. ನೀರು ಕುಡಿದು ಕೆಳಗಿಳಿದ್ರು. ಆಮೇಲೆ ಇಲ್ಲಿಗೆ ಬಂದು ಒಬ್ಬರೇ ತುಂಬ ಹೊತ್ತು ಕೂತಿದ್ರು." ಪಂಪಣ್ಣ ಕೈ ಒರೆಸಿಕೊಂಡು ಲಾಗ್‌ಬುಕ್ ತಂದು ನನ್ನ ಮುಂದಿಟ್ಟರು. "ಏನೋ ಬರೆದು ಹೋಗಿದ್ದಾರೆ."

ಬುಧವಾರದ ಪುಟ. ನಾನು ಎಂದು ಬರೆದದ್ದರ ಮೇಲೆ ಅಡ್ಡಗೆರೆ ಬಿದ್ದಿರಲಿಲ್ಲ. ಅದರ ಕೆಳಗೆ ಗೈಡಿನ ಓರೆ ಅಕ್ಷರದಲ್ಲಿ, ಕೆಂಪು ಶಾಯಿಯಲ್ಲಿ, ಎರಡು ಪ್ರಶ್ನೆಗಳಿದ್ದವು. ಎಷ್ಟು ದೂರದಿಂದ? ಎಷ್ಟು ಮೆಲ್ಲಗೆ?

ನಾನು ಅದನ್ನು ನೋಡುತ್ತಾ ನಿಂತೆ. ತಪ್ಪೊಪ್ಪಿಗೆಗೆ ಯಾರೂ ಹಾಗೆ ಉತ್ತರ ಬರೆಯುವುದಿಲ್ಲ. ಅಳತೆಗೆ ಬರೆಯುತ್ತಾರೆ. ಪಕ್ಕದಲ್ಲಿ ಕೂತವರಿಗೂ ಕೇಳಿಸದ ದನಿಯನ್ನು ನಮ್ಮ ಗಾಜಿನ ಎಳೆ ಹಿಡಿದಿತ್ತು. ಅದು ಇನ್ನೂ ಏನನ್ನು ಹಿಡಿಯಬಲ್ಲದು ಎಂದು ಅವರು ಒಬ್ಬರೇ ಕೂತು ಲೆಕ್ಕ ಹಾಕಿರಬೇಕು, ಅಷ್ಟು ನಗೆಯ ನಂತರ.

"ಕೀಲಿ?" ಎಂದೆ.

"ನನ್ನ ಕೈಲಿಟ್ಟು ಹೋದ್ರು. ನಿಂಗೆ ಕೊಡು ಅಂತ ಹೇಳಿಲ್ಲ. ಕೊಡಬೇಡ ಅಂತಾನೂ ಹೇಳಿಲ್ಲ. ಇದೋ, ಇಲ್ಲಿಟ್ಟಿರ್ತೀನಿ, ನಾನು ಪಂಪು ನೋಡ್ಕೋತೀನಿ." ಕೀಲಿಯನ್ನು ಮೇಜಿನ ಮೇಲಿಟ್ಟು ಪಂಪಣ್ಣ ನನಗೆ ಬೆನ್ನು ಹಾಕಿದರು.

ನಾನು ಪೆನ್ನು ತೆಗೆದೆ. ಕೆಂಪು ಪ್ರಶ್ನೆಗಳ ಕೆಳಗೆ ನೀಲಿಯಲ್ಲಿ ಬರೆದೆ: ಒಂದೂವರೆ ಮೀಟರ್. ಬಾಯಿ ಮುಚ್ಚಿಕೊಂಡು, ಹಾಡುವವಳಿಗೇ ಕೇಳಿಸದಷ್ಟು ಮೆಲ್ಲಗೆ. ಅದರ ಕೆಳಗೆ ಒಂದು ಸಾಲು ಬಿಟ್ಟು: ಇನ್ನು ಮುಂದೆ ಒಳಗೆ ಕೂರುವವರು ಯಾರೇ ಆದರೂ ಅವರ ಎದುರು ಒಂದು ಮೈಕ್ ಇರಬೇಕು. ಮಂಗಳವಾರ ಮತ್ತು ಶುಕ್ರವಾರ ಐದೂವರೆಗೆ ನಾನು ಹೊರಡುತ್ತೇನೆ. ಸಹಿ, ತಾರೀಖು.

ಇನ್ನು ಅದನ್ನು ಯಾರೂ ಅಳಿಸುವಂತಿಲ್ಲ. ಬೇಕಾದರೆ ಒಂದು ಗೆರೆ ಎಳೆಯಲಿ, ಅಡಿಯಲ್ಲಿರುವುದು ಓದಲು ಬರುತ್ತದೆ.

ಕೀಲಿ ತೆಗೆದುಕೊಂಡು ಎರಡೂ ಬಾಗಿಲು ದಾಟಿ ಒಳಗೆ ಹೋದೆ. ಸ್ಪಂಜಿನ ಗೋಡೆ, ವಾಲ್ವು, ನನ್ನ ಸ್ಟೂಲು. ಹಿಂದಿನ ಸಂಜೆಯ ಸ್ವರ ಗಂಟಲಿನಲ್ಲಿ ಇನ್ನೂ ಬೆಚ್ಚಗಿತ್ತು. ಹೊಸ ಸ್ಯಾಂಪಲ್ಲನ್ನು ಡಬ್ಬಿಯಿಂದ ತೆಗೆಯಲಿಲ್ಲ. ಮೊದಲು ಯಂತ್ರಕ್ಕೆ ನನ್ನ ಪರಿಚಯವಾಗಲಿ ಎಂದು, ಖಾಲಿ ಜಾಗದ ಎದುರು ನೆಟ್ಟಗೆ ಕೂತು, ಬೇಕೆಂದೇ, ಬಾಯಿ ತೆರೆದು ಹಾಡಿದೆ.